ಮಾತು ಕಳೆದುಕೊಂಡ ಹಿರಿಯರ ನೋವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಮಗಳು, ಉಡುಪಿ

ಎಲ್ಲರಿಗೂ ನಮಸ್ಕಾರ. ಎಂಬತ್ತು ದಾಟಿದ ನನ್ನ ತಾಯಿಗೆ ಡಿಮೆನ್ಶಿಯಾ (ಮರೆಗುಳಿ ಕಾಯಿಲೆ) ಇದ್ದು, ಉಡುಪಿ ಸಮೀಪದ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಹಿಂದೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಮಂಡಿನೋವು ಅದಕ್ಕೂ ಹಳೆಯದು. ಈ ಮಳೆಗಾಲ ಶುರುವಾದಂದಿನಿಂದ ಸ್ನಾನಕ್ಕೆಂದು ಎಬ್ಬಿಸಿದರೆ ಸಾಕು, ಕಿರುಚುತ್ತಾರೆ, ಆರೈಕೆಯವರ ಕೈಯನ್ನು ತಳ್ಳುತ್ತಾರೆ. ಮಲಗಿದ್ದಾಗ ಮಾತ್ರ ಸಮಾಧಾನದಿಂದಿರುತ್ತಾರೆ. ನೋವಿದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಇದು ಕಾಯಿಲೆಯ ಲಕ್ಷಣ, ಶಾಂತಗೊಳಿಸುವ ಮಾತ್ರೆ ಆರಂಭಿಸೋಣ ಎಂದು ಕೇಂದ್ರದವರು ಹೇಳುತ್ತಿದ್ದಾರೆ. ನೋವೇ ಕಾರಣವಾಗಿರಬಹುದೇ? ತಿಳಿಯುವ ದಾರಿ ಏನು?

ಉತ್ತರ: ಶುಶ್ರೂಷಕಿ, ಮಂಗಳೂರು

ಎಬ್ಬಿಸಿದಾಗ ಕಿರುಚಿ, ಮಲಗಿಸಿದಾಗ ಶಾಂತರಾಗುತ್ತಾರೆ ಎಂದಾದರೆ ಮೊದಲು ಸಂಶಯಿಸಬೇಕಾದದ್ದು ನೋವನ್ನೇ. ಡಿಮೆನ್ಶಿಯಾ ಮುಂದುವರಿದವರ ತಲೆಯಾಡಿಸುವಿಕೆಯನ್ನು ಉತ್ತರವೆಂದು ನಂಬಬೇಡಿ. ಪ್ರಶ್ನೆಯೇ ಅವರಿಗೆ ಅರ್ಥವಾಗದಿರಬಹುದು. ಇಂಥವರಿಗಾಗಿ 2003ರಲ್ಲಿ ಪ್ರಕಟವಾದ ‘ಪೇನಾಡ್’ ಎಂಬ ಅಳತೆ ಬಳಕೆಯಲ್ಲಿದೆ. ಉಸಿರಾಟ, ನರಳುವ ಧ್ವನಿ, ಮುಖದ ಭಾವ, ದೇಹದ ಬಿಗಿತ, ಸಂತೈಸಿದರೆ ಸಮಾಧಾನವಾಗುತ್ತದೆಯೇ ಎಂಬ ಐದು ಅಂಶಗಳಿಗೆ ತಲಾ 0ಯಿಂದ 2 ಅಂಕ ಕೊಟ್ಟು ಒಟ್ಟು 10ಕ್ಕೆ ಲೆಕ್ಕ ಹಾಕುತ್ತಾರೆ. ಇದನ್ನು ಅವರು ಸುಮ್ಮನೆ ಕುಳಿತಿರುವಾಗ ಮಾತ್ರವಲ್ಲ, ಮಗ್ಗುಲು ಬದಲಿಸುವಾಗ, ಬಟ್ಟೆ ತೊಡಿಸುವಾಗ, ನಡೆಸುವಾಗಲೂ ನೋಡಿ ಬರೆದಿಡಬೇಕು. ವಿಶ್ರಾಂತಿಯಲ್ಲಿ ಸೊನ್ನೆ ಬಂದ ಮಾತ್ರಕ್ಕೆ ನೋವಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಅಂಕ ಹೆಚ್ಚಿದ್ದರೂ ಅದು ಭಯ ಅಥವಾ ಚಳಿಯಿಂದಲೂ ಆಗಿರಬಹುದು. ಆದ್ದರಿಂದ ಬಾಯಿಯಲ್ಲಿ ಹುಣ್ಣು, ಸಡಿಲ ಹಲ್ಲು, ಮಲಬದ್ಧತೆ, ಮೂತ್ರ ಕಟ್ಟಿರುವುದು, ಬೆನ್ನಿನಲ್ಲಿ ಒತ್ತಡದ ಹುಣ್ಣು, ಇವನ್ನೆಲ್ಲ ಪರೀಕ್ಷಿಸುವಂತೆ ಕೇಳಿಕೊಳ್ಳಿ.

ಉತ್ತರ: ವೈದ್ಯ, ಮಣಿಪಾಲ

ಶಾಂತಗೊಳಿಸುವ ಮಾತ್ರೆಯ ವಿಷಯದಲ್ಲಿ ಅವಸರ ಬೇಡ. ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಮನೋವಿಕಾರದ ಕೆಲವು ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಮಾತ್ರೆಯಿಂದ ಮಂಕಾದ ರೋಗಿ ಕಿರುಚುವುದನ್ನು ನಿಲ್ಲಿಸಿದರೂ ಮೂಳೆಯ ನೋವು ಹಾಗೆಯೇ ಉಳಿದಿರುತ್ತದೆ, ಮತ್ತು ಇದು ನನ್ನನ್ನು ಬಹಳ ಕಾಡುವ ಸಂಗತಿ.

ನಾರ್ವೆಯ 18 ಆರೈಕೆ ಕೇಂದ್ರಗಳ 352 ನಿವಾಸಿಗಳನ್ನು ಒಳಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವಿಗೆ ಹಂತ ಹಂತವಾಗಿ 8 ವಾರ ಚಿಕಿತ್ಸೆ ಪಡೆದವರ ಕಳವಳ, ಎಂದಿನ ಆರೈಕೆಯಲ್ಲಿದ್ದವರಿಗಿಂತ ಶೇಕಡಾ 17ರಷ್ಟು ಕಡಿಮೆಯಾಯಿತು. ಅವರಲ್ಲಿ ಬಹುಪಾಲು ಜನರಿಗೆ ಕೊಟ್ಟದ್ದು ಸಾಮಾನ್ಯ ಪ್ಯಾರಸಿಟಮಾಲ್. ಕೇಳಿದಾಗ ಮಾತ್ರ ಕೊಡುವ ಕ್ರಮ ಕೇಳಲಾರದವರಿಗೆ ಉಪಯೋಗವಿಲ್ಲ. ಹೊತ್ತಿಗೆ ಸರಿಯಾಗಿ ಕೊಡಬೇಕು, ಒಂದು ಡೋಸ್ ಸ್ನಾನಕ್ಕಿಂತ ಸುಮಾರು ಒಂದು ಗಂಟೆ ಮೊದಲು ಬರುವಂತೆ ಹೊಂದಿಸಬಹುದು. ತೂಕ ಕಡಿಮೆಯಿದ್ದರೆ ಅಥವಾ ಯಕೃತ್ತಿನ ತೊಂದರೆಯಿದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ, ಶೀತದ ಮಾತ್ರೆಗಳಲ್ಲಿಯೂ ಇದೇ ಔಷಧವಿರುವುದರಿಂದ ಲೆಕ್ಕ ತಪ್ಪಬಾರದು. ಹಾಗಾಗಿ ನಿಮ್ಮ ವೈದ್ಯರೇ ನಿರ್ಧರಿಸಲಿ. ಡೈಕ್ಲೋಫೆನಾಕ್‌ನಂಥ ನೋವುನಿವಾರಕ ಮಾತ್ರೆಗಳನ್ನು ಈ ವಯಸ್ಸಿನಲ್ಲಿ ಮೂತ್ರಪಿಂಡ, ಹೊಟ್ಟೆ, ಹೃದಯದ ಕಾರಣಕ್ಕೆ ಅಂಗಡಿಯಿಂದ ತಂದು ಕೊಡಲೇಬೇಡಿ. ಹಳೆಯ ಶಸ್ತ್ರಚಿಕಿತ್ಸೆಯ ಜಾಗದ ಎಕ್ಸ್‌ರೇ ಒಮ್ಮೆ ಆಗಲಿ. ಬಿದ್ದದ್ದು ಯಾರಿಗೂ ಗೊತ್ತಾಗದೆ ಹೋಗಿರಬಹುದು.

ಉತ್ತರ: ಮಗ, ಸುರತ್ಕಲ್

ನಿಮ್ಮ ತಾಯಿಯ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ, ಆರೈಕೆಯವರು ಅದೇ ಭಾಷೆಯಲ್ಲಿ ಕೇಳಲಿ. ನನ್ನ ತಂದೆ ಕನ್ನಡದಲ್ಲಿ ಕೇಳಿದರೆ ಮುಖ ತಿರುಗಿಸುತ್ತಿದ್ದರು. ತುಳುವಿನಲ್ಲಿ “ಬೇನೆ ಉಂಡಾ” (ನೋವಿದೆಯೇ) ಎಂದು, ಮಂಡಿಯ ಮೇಲೆ ಕೈಯಿಟ್ಟು ಕೇಳಿದಾಗ ಕೈಯನ್ನು ಹಿಡಿದುಕೊಳ್ಳುತ್ತಿದ್ದರು.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಕೃತಜ್ಞತೆಗಳು. ನಮ್ಮ ಮನೆಮಾತೂ ತುಳುವೇ. ಆದರೆ ಬೆಳಗಿನ ಪಾಳಿಯವರು ಉತ್ತರ ಕರ್ನಾಟಕದವರು. ಅಂಕ ಬರೆಯುವುದನ್ನು ಅವರೇ ಮಾಡಬೇಕೇ, ನಾನೂ ಮಾಡಬಹುದೇ?

ಉತ್ತರ: ಶುಶ್ರೂಷಕಿ, ಮಂಗಳೂರು

ಇಬ್ಬರೂ ಮಾಡಿ. ತಾಯಿಯ ಮುಖವನ್ನು ಬಲ್ಲವರು ನೀವು, ದಿನವೂ ಎತ್ತಿ ಕೂರಿಸುವವರು ಆರೈಕೆಯವರು. ಔಷಧ ಆರಂಭಿಸುವ ಮೊದಲಿನ ಕೆಲವು ದಿನಗಳ ಅಂಕಗಳೂ ಇರಲಿ, ಅವಿಲ್ಲದೆ ಗುಣವಾಯಿತೇ ಎಂದು ವೈದ್ಯರಿಗೆ ತಿಳಿಯುವುದು ಕಷ್ಟ.