ಅಪ್‌ಡೇಟ್: ಕೆರನ್ನರ್‌ನಲ್ಲಿ ನನ್ನ ಸ್ಕ್ರಿಪ್ಟ್ ಈಗ ಓಡುತ್ತಿದೆ

ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲನ್ನು ಫೋನಿನಲ್ಲೂ ಓದಬಲ್ಲ ಯೂನಿಕೋಡ್‌ಗೆ ಬದಲಿಸುವ ನನ್ನ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಓಡುತ್ತದೆ; ಆದರೆ ಕುಬುಂಟು ಲಿನಕ್ಸ್‌ನ ಕೆರನ್ನರ್‌ನಲ್ಲಿ (ಹೆಸರು ಟೈಪ್ ಮಾಡಿ ಪ್ರೋಗ್ರಾಂ ಓಡಿಸುವ ಪೆಟ್ಟಿಗೆ) ಅದರ ಹೆಸರು ಟೈಪ್ ಮಾಡಿದರೆ ಸಿಗುವುದಿಲ್ಲ, ಯಾಕೆ ಅಂತ ಕೇಳಿದ್ದೆ ಅಲ್ವಾ? ಕಾರಣ ಸಿಕ್ಕಿತು.

ಸ್ಕ್ರಿಪ್ಟ್ ಇರುವ ಫೋಲ್ಡರನ್ನು ನಾನು ಪಾತ್‌ಗೆ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸಿದ್ದು ಬ್ಯಾಶ್‌ಆರ್‌ಸಿ (.bashrc) ಫೈಲಿನಲ್ಲಿ. ಅದನ್ನು ಓದುವುದು ಟರ್ಮಿನಲ್ ತೆರೆದಾಗ ಶುರುವಾಗುವ ಬ್ಯಾಶ್, ಅಂದರೆ ನಾವು ಟೈಪ್ ಮಾಡಿದ ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂ. ಕೆರನ್ನರ್‌ಗೆ ಸಿಗುವುದು ಲಾಗಿನ್ ಆದಾಗ ಇದ್ದ ಪಾತ್ ಅಷ್ಟೇ. ಆ ಸಾಲನ್ನು ಲಾಗಿನ್ ಆಗುವಾಗ ಓದುವ ಪ್ರೊಫೈಲ್ (.profile) ಫೈಲಿಗೆ ಹಾಕಿದೆ. ಆದರೂ ಬರಲಿಲ್ಲ! ಸುಮ್ನೆ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಅಷ್ಟರಲ್ಲಿ ಇಲ್ಲಿ ವಿಜಯನಗರದಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರ್ ಮತ್ತೆ ಆನ್ ಮಾಡಿದರೆ, ಓಡುತ್ತಿದೆ! ಒಮ್ಮೆ ಲಾಗ್‌ಔಟ್ ಆಗಿ ಬಂದಿದ್ದರೆ ಸಾಕಿತ್ತು.

ಔಟ್‌ಪುಟ್ ನೋಡಬೇಕಿದ್ದರೆ ಕೆರನ್ನರ್‌ನಲ್ಲಿರುವ, ಟರ್ಮಿನಲ್‌ನಲ್ಲಿ ಓಡಿಸುವ ಆಯ್ಕೆ ಒತ್ತಿ, ಇಲ್ಲದಿದ್ದರೆ ಏನೂ ಕಾಣಿಸುವುದಿಲ್ಲ.

ದಾರಿ ತೋರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಅಪ್ಪನ ಹಳೆಯ ಬರಹಗಳನ್ನು ಈಗ ಫೋನಿನಲ್ಲೂ ಓದುತ್ತಿದ್ದೇವೆ.