ಒಂದು ಕಪ್ ಬೆಣ್ಣೆ ಅಂದರೆ ಎಷ್ಟು ಗ್ರಾಂ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ

ರಾಜಾಜಿನಗರ_ಓವನ್:
ಶನಿವಾರ ಮಗಳ ಸ್ಕೂಲಿಗೆ ಕುಕೀಸ್ ಮಾಡಿ ಕಳಿಸಬೇಕು. ಸಿಕ್ಕಿರುವುದು ಅಮೆರಿಕದ ರೆಸಿಪಿ. ಅದರಲ್ಲಿ ಒಂದು ಕಡೆ "ಒಂದು ಕಪ್ ಬೆಣ್ಣೆ" ಅಂತಿದೆ, ಇನ್ನೊಂದು ಕಡೆ "ಎರಡು ಸ್ಟಿಕ್" ಅಂತಿದೆ. ನಮ್ಮ ಅಂಗಡಿಯಲ್ಲಿ ಸಿಗುವುದು 100 ಗ್ರಾಂ, 500 ಗ್ರಾಂ ಪ್ಯಾಕ್. ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಕಪ್ಪಿಗೆ ತುರುಕಿದರೆ ಮಧ್ಯೆ ಮಧ್ಯೆ ಸಂದು ಉಳಿಯುತ್ತದೆ, ಕರಗಿಸಿ ಅಳೆಯೋಣ ಅಂದರೆ ಆಮೇಲೆ ಸಕ್ಕರೆ ಜೊತೆ ನೊರೆ ಬರುವ ಹಾಗೆ ಬೀಟ್ ಮಾಡೋಕೆ ಆಗುವುದಿಲ್ಲ. ಹುಡುಕಿದರೆ ಒಬ್ಬರು 227 ಅನ್ನುತ್ತಾರೆ, ಇನ್ನೊಬ್ಬರು 240, ಮತ್ತೊಬ್ಬರು 250. ಯಾವುದು ಸರಿ? ಮನೆಯಲ್ಲಿ ತೂಕದ ಮಷೀನ್ ಇಲ್ಲ.

ಬಸವನಗುಡಿ_ಬೇಕಿಂಗ್:
227. ಅಮೆರಿಕದ ರೆಸಿಪಿ ಅಂದಮೇಲೆ ಬೇರೆ ಯೋಚನೆ ಬೇಡ. ಅಲ್ಲಿ ಒಂದು ಪೌಂಡ್ ಬೆಣ್ಣೆ ನಾಲ್ಕು ಸ್ಟಿಕ್ ಆಗಿ ಬರುತ್ತದೆ, ಒಂದೊಂದೂ ಸುಮಾರು 113 ಗ್ರಾಂ. ಒಂದು ಸ್ಟಿಕ್ ಅಂದರೆ ಅರ್ಧ ಕಪ್, ಅಂದರೆ 8 ಟೇಬಲ್ ಸ್ಪೂನ್. ಸುತ್ತಿದ ಪೇಪರ್ ಮೇಲೆ ಸ್ಪೂನಿನ ಗೆರೆಗಳೂ ಇರುತ್ತವೆ, ಅದನ್ನು ನೋಡಿ ಚಾಕು ಹಾಕುತ್ತಾರೆ ಅಷ್ಟೇ. ಕಪ್ಪಿಗೆ ತುರುಕುವ ಒದ್ದಾಟ ಅವರಿಗಿಲ್ಲ, ನಮಗೆ ಮಾತ್ರ. ನೀವು 100 ಗ್ರಾಂನ ಎರಡು ಪ್ಯಾಕ್ ಹಾಕಿ, ಮೇಲೆ ಎರಡು ಟೇಬಲ್ ಸ್ಪೂನ್ ಹಾಕಿ. ಒಂದು ಸ್ಪೂನಿಗೆ 14 ಗ್ರಾಂ. ಮುಗಿಯಿತು.

ಲೆಕ್ಕದ_ಮೇಷ್ಟ್ರು:
240 ಅಂದವರೂ ಸುಳ್ಳು ಹೇಳಿಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯದ ಕಪ್ 250 ಮಿಲಿ. ಬೆಣ್ಣೆ ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ 250 ಮಿಲಿ ಬೆಣ್ಣೆ ಸುಮಾರು 240 ಗ್ರಾಂ ತೂಗುತ್ತದೆ. 250 ಗ್ರಾಂ ಅನ್ನುವವರು ಸುಮ್ನೆ ಮಿಲಿಯನ್ನೇ ಗ್ರಾಂ ಮಾಡಿಬಿಟ್ಟಿರುತ್ತಾರೆ. ಮೊದಲು ರೆಸಿಪಿ ಯಾವ ದೇಶದ್ದು ಅಂತ ನೋಡಿ. ಆಸ್ಟ್ರೇಲಿಯದಲ್ಲಿ ಟೇಬಲ್ ಸ್ಪೂನ್ ಕೂಡ 20 ಮಿಲಿ, ಉಳಿದ ಕಡೆ ಸಾಮಾನ್ಯವಾಗಿ 15.

ರಾಜಾಜಿನಗರ_ಓವನ್:
ಇಬ್ಬರಿಗೂ ಥ್ಯಾಂಕ್ಸ್. ಈಗ ಇನ್ನೊಂದು ತಲೆನೋವು. ಅತ್ತೆ ಮನೆಯಲ್ಲೇ ಕೆನೆ ಕಡೆದು ತೆಗೆದ ಬೆಣ್ಣೆ ಇದೆ, ಅದನ್ನೇ ಹಾಕು ಅಂತಿದ್ದಾರೆ. ಅದಕ್ಕೆ ಪ್ಯಾಕಿನ ಲೆಕ್ಕ ನಡೆಯುವುದಿಲ್ಲ ಅಲ್ವಾ?

ಮಜ್ಜಿಗೆ_ಮಲ್ಲೇಶ್ವರ:
ನಡೆಯುವುದಿಲ್ಲ, ಆದರೆ ಮಷೀನ್ ಇಲ್ಲದೆಯೂ ತೂಗಬಹುದು. ಮಿಲಿ ಗೆರೆ ಇರುವ ದೊಡ್ಡ ಜಗ್ಗಿನಲ್ಲಿ 500ರ ತನಕ ತಣ್ಣೀರು ಹಾಕಿ, ಬೆಣ್ಣೆ ಉಂಡೆ ಬಿಡಿ. ತೇಲುತ್ತದೆ. ತೇಲಲಿ ಬಿಡಿ, ಬೆರಳಲ್ಲಿ ಒತ್ತಬೇಡಿ. ನೀರು 725ರ ಹತ್ತಿರ ಬಂದರೆ ನಿಮಗೆ ಬೇಕಾದ 227 ಗ್ರಾಂ ಬಂತು ಅಂತಲೇ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ, ಒಂದು ಮಿಲಿ ನೀರು ಒಂದು ಗ್ರಾಂ. ಹೈಸ್ಕೂಲಿನ ಆರ್ಕಿಮಿಡೀಸ್ ಪಾಠ, ಅಡುಗೆಮನೆಯಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಆಗ ಯಾರೂ ಹೇಳಲಿಲ್ಲ. ಒತ್ತಿ ಪೂರ್ತಿ ಮುಳುಗಿಸಿದರೆ ಸಿಗುವುದು ತೂಕ ಅಲ್ಲ, ಗಾತ್ರ.

ಆದರೂ ಕುಕೀಸಿಗೆ ಮನೆ ಬೆಣ್ಣೆ ಹಾಕುವುದಾದರೆ ಒಂದು ವಿಷಯ. ಅಂಗಡಿ ಬೆಣ್ಣೆಯಲ್ಲಿ ಕನಿಷ್ಠ ಶೇ 80 ಕೊಬ್ಬು ಇರುತ್ತದೆ. ಮನೆಯದರಲ್ಲಿ ಮಜ್ಜಿಗೆ ಜಾಸ್ತಿ ಉಳಿದಿರುತ್ತದೆ, ತೂಕ ಸರಿ ಇದ್ದರೂ ಅದರಲ್ಲಿ ಒಂದು ಪಾಲು ನೀರೇ. ಐಸ್ ನೀರಿನಲ್ಲಿ ಎರಡು ಸಲ ತೊಳೆದು, ಚೆನ್ನಾಗಿ ಹಿಂಡಿ ಆಮೇಲೆ ತೂಗಿ.

ಬಸವನಗುಡಿ_ಬೇಕಿಂಗ್:
ಜಗ್ಗಿನ ಐಡಿಯಾ ಚೆನ್ನಾಗಿದೆ, ಆದರೆ ಆ ಗೆರೆಗಳು 25ಕ್ಕೋ 50ಕ್ಕೋ ಒಂದು ಇರುತ್ತವೆ, ಕಣ್ಣಂದಾಜೇ ಆಯಿತು. ಇನ್ನೂ ನಾಲ್ಕು ಸಲ ಕುಕೀಸ್ ಮಾಡುವ ಮನಸ್ಸಿದ್ದರೆ ಒಂದು ಚಿಕ್ಕ ತೂಕದ ಮಷೀನ್ ತೆಗೆದುಕೊಳ್ಳಿ. ಬಟ್ಟಲು ಇಟ್ಟು ಸೊನ್ನೆ ಮಾಡಿ, ಬೆಣ್ಣೆ ಹಾಕುತ್ತಾ ಹೋಗಿ, ತೊಳೆಯೋಕೆ ಕಪ್ಪೂ ಇರುವುದಿಲ್ಲ. ಅಂದಹಾಗೆ ಉಪ್ಪಿರುವ ಬೆಣ್ಣೆ ತಂದರೆ ರೆಸಿಪಿಯಲ್ಲಿ ಹೇಳಿದ ಉಪ್ಪು ಹಾಕಬೇಡಿ.