ಪದಚರ್ಚೆ: ತಿಂಗಳ ಮಳೆ ವರದಿಯಲ್ಲಿ ‘ಬಿಡುವು’, ‘ಹೊಳವು’, ‘ವಾಡಿಕೆ’

ಪ್ರಶ್ನೆ, ಬದಿಯಡ್ಕದಿಂದ

ಬಳಗದ ಎಲ್ಲರಿಗೂ ನಮಸ್ಕಾರ.

ಕೃಷಿಕರ ಮಾಸಪತ್ರಿಕೆಯೊಂದಕ್ಕೆ 2023ರ ಆಗಸ್ಟ್ ತಿಂಗಳ ಹವಾಮಾನದ ಬಗ್ಗೆ ಒಂದು ಪುಟ ಬರೆಯಬೇಕಾಗಿದೆ. ಓದುವವರು ಹೆಚ್ಚಾಗಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಮುಳ್ಳೇರಿಯ ಕಡೆಯವರು. ಆಂಧ್ರದ ಆದೋನಿ, ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಅಕ್ಕಲಕೋಟೆಗೂ ಕೆಲವು ಪ್ರತಿ ಹೋಗುತ್ತದೆ. ನಾನು ಬರೆದಿಟ್ಟ ಮೊದಲ ಸಾಲು ಹೀಗಿದೆ: “ಆಗಸ್ಟಿನಲ್ಲಿ ಮುಂಗಾರು ವಿರಾಮ ಪಡೆದುದರಿಂದ ದೇಶದಲ್ಲಿ ಸಾಮಾನ್ಯ ಮಳೆಗಿಂತ ಶೇ 36 ಕಡಿಮೆ ಮಳೆಯಾಗಿ, 1901ರ ನಂತರದ ಅತಿ ಒಣ ಹಾಗೂ ಅತಿ ಸೆಕೆಯ ಆಗಸ್ಟ್ ಎನಿಸಿತು; ಹಿಮಾಚಲದಲ್ಲಿ ಮಾತ್ರ ಮೇಘಸ್ಫೋಟವಾಯಿತು.”

ಓದಿದರೆ ಎಲ್ಲೋ ಕಾಲೆಡವುತ್ತದೆ. ಬ್ರೇಕ್ ಮಾನ್ಸೂನ್ ಎಂಬುದಕ್ಕೆ ‘ವಿರಾಮ’ ಸರಿಯೇ? ನಮ್ಮ ಕಡೆ ಮಳೆ ‘ಹೊಳವು’ ಆಯಿತು ಅನ್ನುತ್ತೇವಲ್ಲ, ಅದನ್ನೇ ಹಾಕಬಹುದೇ? ನಾರ್ಮಲ್ ಅನ್ನುವುದಕ್ಕೆ ‘ಸಾಮಾನ್ಯ’, ‘ಸರಾಸರಿ’, ‘ವಾಡಿಕೆ’ ಮೂರೂ ಪೇಪರಿನಲ್ಲಿ ಕಾಣುತ್ತವೆ. ಹೀಟ್ ವೇವ್‌ಗೆ ‘ಬಿಸಿಗಾಳಿ’ಯೋ, ಮಲಯಾಳದವರ ‘ಉಷ್ಣತರಂಗ’ವೋ? ‘ಆಗಸ್ಟ್’ ಎಂಬ ಇಂಗ್ಲಿಷ್ ಹೆಸರಿನ ಬದಲು ಶ್ರಾವಣ ಎಂದರೆ ತಪ್ಪಾದೀತೇ? ತಿಳಿದವರು ದಯವಿಟ್ಟು ತಿದ್ದಿ.

ಉತ್ತರ, ಮಂಜೇಶ್ವರದಿಂದ

ನಮಸ್ಕಾರ. ನೀವು ಕೇಳಿದ ನಾರ್ಮಲ್, ಹೀಟ್ ವೇವ್, ಬ್ರೇಕ್ ಇವಕ್ಕೆ ಹವಾಮಾನ ಇಲಾಖೆಯಲ್ಲಿ ಸಂಖ್ಯೆಯ ಗಡಿಯೋ ಖಚಿತವಾದ ಲಕ್ಷಣವೋ ಇದೆ. ಹಾಗಾಗಿ ಚಂದ ನೋಡಿ ಪದ ಆರಿಸುವ ಹಾಗಿಲ್ಲ. ಒಂದು ಗಡಿಗೆ ಒಂದೇ ಪದ ಇಟ್ಟುಕೊಂಡು ಪುಟದ ಕೊನೆಯವರೆಗೂ ಅದನ್ನೇ ಬಳಸಬೇಕು. ಊರಮಾತುಗಳನ್ನು ಆ ಜಾಗಕ್ಕೆ ತಂದು ಕೂರಿಸಿದರೆ ಎರಡೂ ಕೆಡುತ್ತವೆ. ವಿವರಣೆಯ ಸಾಲಿನಲ್ಲಿ ಮಾತ್ರ ಅವಕ್ಕಿಂತ ಖಚಿತವಾದ ಮಾತು ಬೇರೆ ಸಿಗದು.

ಮೊದಲು ಹೊಳವು. ಎಡೆಬಿಡದೆ ಸುರಿಯುವ ಮಳೆಯ ನಡುವೆ ಮೋಡ ಸರಿದು ಬೆಳಕಾಗುವುದು ಹೊಳವು. ಅದರ ಅಳತೆ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನ. ಅಡಿಕೆಗೆ ಕೊಳೆರೋಗದ ಬೋರ್ಡೋ ಮದ್ದು ಬಿಡುವವರು ಕಾಯುವುದು ಇದಕ್ಕೇ: ಗೊನೆಯ ನೀರು ಆರಬೇಕು, ಬಿಟ್ಟ ಮದ್ದು ಒಣಗಿ ಕಾಯಿಗೆ ಹಿಡಿಯುವವರೆಗೆ ಮಳೆ ಬರಬಾರದು. ‘ಹೊಳವು’ ಎಂದರೆ ಓದುಗನ ಮನಸ್ಸಿನಲ್ಲಿ ‘ಮಳೆ ಮತ್ತೆ ಬರಲಿದೆ, ಅಷ್ಟರೊಳಗೆ ಕೆಲಸ ಮುಗಿಸು’ ಎಂಬ ಅರ್ಥ ಏಳುತ್ತದೆ. ಇಡೀ ತಿಂಗಳ ಒಣಹವೆಗೆ ಈ ಪದ ಹೊಂದುವುದಿಲ್ಲ.

‘ವಿರಾಮ’ದ ತೊಂದರೆ ಬೇರೆ. ಮುಂಗಾರು ದಣಿದು ಕೂತಿತು, ದೇಶದಲ್ಲೆಲ್ಲ ಮಳೆ ನಿಂತಿತು ಎಂಬ ಭಾವ ಅದರಲ್ಲಿದೆ. ಆದದ್ದು ಹಾಗಲ್ಲ. ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಜುಲೈ, ಆಗಸ್ಟಿನಲ್ಲಿ ರಾಜಸ್ಥಾನದ ಗಂಗಾನಗರದ ಕಡೆಯಿಂದ ಬಂಗಾಳ ಕೊಲ್ಲಿಯ ತಲೆಯವರೆಗೆ ಓರೆಯಾಗಿ ಚಾಚಿರುತ್ತದೆ. ಅದು ಬಡಗಣಕ್ಕೆ ಜರುಗಿ ಹಿಮಾಲಯದ ಬುಡಕ್ಕೆ ಹೋಗಿ ಅಂಟಿಕೊಂಡರೆ ಮಳೆಯೂ ಅಲ್ಲಿಗೇ ಹೋಗುತ್ತದೆ. ಮಧ್ಯಭಾರತ ಒಣಗುತ್ತದೆ. ಗುಜರಾತಿನಿಂದ ಕೇರಳದವರೆಗೆ ಕರಾವಳಿಯ ಆಚೆ ಕಡಲ ಮೇಲಿರುವ ಇನ್ನೊಂದು ಪಟ್ಟಿ ಸಡಿಲವಾಗಿ ಕಾಸರಗೋಡಿನ ಮಳೆಯೂ ಕುಸಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಹುಟ್ಟುವುದು ಕಡಿಮೆಯಾಗಿ, ಪಟ್ಟಿಯನ್ನು ತೆಂಕಣಕ್ಕೆ ಮರಳಿ ಎಳೆಯುವ ಬಲವೂ ಇರುವುದಿಲ್ಲ. ಇಂಥ ದಿನಗಳಲ್ಲಿ ತಮಿಳುನಾಡಿನಲ್ಲಿ ಸಂಜೆಯ ಗುಡುಗುಮಳೆ ಹೆಚ್ಚುವುದುಂಟು. ಅಂದರೆ ಹಿಮಾಚಲದ ಭೂಕುಸಿತ, ನಮ್ಮ ತೋಟದ ಒಣಹವೆ ಎರಡರ ಹಿಂದೆಯೂ ಇದ್ದುದು ಒಂದೇ ಸ್ಥಿತಿ. ನಿಮ್ಮ ವಾಕ್ಯದ “ಹಿಮಾಚಲದಲ್ಲಿ ಮಾತ್ರ” ಈ ನಂಟನ್ನೇ ಕಡಿದುಹಾಕುತ್ತದೆ. ನನ್ನ ಆಯ್ಕೆ ‘ಮುಂಗಾರಿನ ಬಿಡುವು’. ಪೇಪರಿನ ‘ಮಳೆ ಬಿಡುವು ಕೊಟ್ಟಿದೆ’ ಎಲ್ಲ ಸೀಮೆಯವರಿಗೂ ಗೊತ್ತು. ಮೊದಲ ಸಲ ಬಳಸುವಾಗ “ಮಳೆಪಟ್ಟಿ ಹಿಮಾಲಯದ ಬುಡಕ್ಕೆ ಸರಿದು ಉಳಿದೆಡೆ ಮಳೆ ತಗ್ಗುವ ಸ್ಥಿತಿ” ಎಂದು ಒಂದು ಸಾಲು ಸೇರಿಸಿಬಿಡಿ. ಇದಕ್ಕೂ ಲೆಕ್ಕವಿದೆ: ಮಧ್ಯಭಾರತದ ಮುಖ್ಯ ಮುಂಗಾರು ವಲಯದಲ್ಲಿ ಮಳೆ ನಿಗದಿತ ಮಟ್ಟಕ್ಕಿಂತ ಕೆಳಗೆ ಕನಿಷ್ಠ 3 ದಿನ ಸತತವಾಗಿ ಇರಬೇಕು. ಬದಿಯಡ್ಕದಲ್ಲಿ ನಾಲ್ಕು ದಿನ ಬಿಸಿಲು ಬಿಟ್ಟ ಮಾತ್ರಕ್ಕೆ ಅದು ಮುಂಗಾರಿನ ಬಿಡುವು ಆಗುವುದಿಲ್ಲ.

ನಾರ್ಮಲ್‌ಗೆ ‘ವಾಡಿಕೆ’ಯೇ ಇರಲಿ. ‘ಸಾಮಾನ್ಯ ಮಳೆ’ ಎಂದರೆ ಸಾಧಾರಣ ಮಳೆ, ಅಂದರೆ ಜೋರಲ್ಲದ ಮಳೆ ಎಂದು ಓದುವವರಿದ್ದಾರೆ. ‘ಸರಾಸರಿ’ಯನ್ನು ಇನ್ನೊಂದು ಕೆಲಸಕ್ಕೆ ಉಳಿಸಿಕೊಳ್ಳಬೇಕು, ಮುಂದೆ ಹೇಳುತ್ತೇನೆ. ಈಗಿನ ವಾಡಿಕೆ ಎಂದರೆ 1971ರಿಂದ 2020ರವರೆಗಿನ 50 ವರ್ಷಗಳ ಮಳೆಯ ಸರಾಸರಿ. ದೇಶದ ಮುಂಗಾರಿನ ನಾಲ್ಕು ತಿಂಗಳಿಗೆ ಅದು ಸುಮಾರು 87 ಸೆಂ.ಮೀ., ಆಗಸ್ಟಿಗೆ ಸುಮಾರು 255 ಮಿ.ಮೀ.

ಇಲ್ಲೊಂದು ಹೊಂಡ ಇದೆ, ಅನುಭವಿ ವರದಿಗಾರರೂ ಬೀಳುತ್ತಾರೆ. ಜಿಲ್ಲೆ ಅಥವಾ ಹವಾಮಾನ ಉಪವಿಭಾಗದ (ಇಲಾಖೆ ದೇಶವನ್ನು ಹಂಚಿಕೊಂಡಿರುವ ವಲಯ) ಲೆಕ್ಕದಲ್ಲಿ ವಾಡಿಕೆಗಿಂತ ಶೇ 19ರಷ್ಟು ಆಚೀಚೆ ಇದ್ದರೂ ಅದು ‘ವಾಡಿಕೆ ಮಳೆ’ಯೇ. ಶೇ 20ರಿಂದ 59 ಕಡಿಮೆಯಾದರೆ ‘ಕೊರತೆ’, 60ರಿಂದ 99 ಆದರೆ ‘ತೀವ್ರ ಕೊರತೆ’. ಮೇಲಕ್ಕೂ ಹಾಗೆಯೇ, ಶೇ 20ರಿಂದ 59 ‘ಅಧಿಕ’, 60 ಅಥವಾ ಅದಕ್ಕಿಂತ ಹೆಚ್ಚಾದರೆ ‘ಅತ್ಯಧಿಕ’. ಆದರೆ ಇಡೀ ದೇಶದ ಇಡೀ ಮುಂಗಾರನ್ನು ಅಳೆಯುವಾಗ ವಾಡಿಕೆಯ ಗಡಿ ಬಹಳ ಕಿರಿದು: ಆ 50 ವರ್ಷಗಳ ಸರಾಸರಿಯ ಶೇ 96ರಿಂದ 104. 2023ರ ಮುಂಗಾರು ಒಟ್ಟು ಶೇ 94ಕ್ಕೆ ನಿಂತಿತು. ದೇಶದ ಲೆಕ್ಕದಲ್ಲಿ ಅದು ‘ವಾಡಿಕೆಗಿಂತ ಕಡಿಮೆ’. ಅದೇ ಶೇ 94 ಒಂದು ಜಿಲ್ಲೆಯದಾಗಿದ್ದರೆ ‘ವಾಡಿಕೆ’. ಯಾವುದರ ಲೆಕ್ಕ ಎಂದು ಹೇಳದೆ ಈ ಪದ ಬರೆಯಲೇಬಾರದು. ತಿಂಗಳವಾರು ನೋಡಿದರೆ ಆ ವರ್ಷ ಜೂನ್ ಶೇ 9 ಕಡಿಮೆ, ಜುಲೈ ಶೇ 13 ಹೆಚ್ಚು, ಆಗಸ್ಟ್ ಶೇ 36 ಕಡಿಮೆ, ಸೆಪ್ಟೆಂಬರ್ ಮತ್ತೆ ಶೇ 13 ಹೆಚ್ಚು. ಆ 94ರ ಒಳಗೆ ಇಷ್ಟೆಲ್ಲ ಏರಿಳಿತ ಅಡಗಿದೆ. ಕೇರಳದ ಆಗಸ್ಟ್ ಕೊರತೆಯಂತೂ ಶೇ 80ನ್ನೂ ಮೀರಿತ್ತು. ನಿಮ್ಮ ಓದುಗರಿಗೆ ಬೇಕಾದದ್ದು ದೇಶದ 36 ಅಲ್ಲ, ಈ ಅಂಕಿ.

ಶೇಕಡಾದ ಇನ್ನೊಂದು ಎಡವಟ್ಟು: ‘ಶೇ 40 ಮಳೆ’ ಮತ್ತು ‘ಶೇ 40 ಕೊರತೆ’ ಒಂದಲ್ಲ. ವಾಡಿಕೆ 600 ಮಿ.ಮೀ. ಇದ್ದು ಬಿದ್ದದ್ದು 240 ಆದರೆ, ಬಿದ್ದದ್ದು ವಾಡಿಕೆಯ ಶೇ 40, ಕೊರತೆ ಶೇ 60. ‘ಶೇ 40 ಮಳೆ’ಯನ್ನು ‘ಶೇ 40 ಕೊರತೆ’ ಎಂದು ಬರೆದುಬಿಟ್ಟರೆ ‘ತೀವ್ರ ಕೊರತೆ’ ಬರೀ ‘ಕೊರತೆ’ ಆಗಿಬಿಡುತ್ತದೆ.

ಉಷ್ಣಾಂಶಕ್ಕೆ ಬರೋಣ. ‘ಸೆಕೆ’ ಎಂಬ ನಿಮ್ಮ ಪದ ಕರಾವಳಿಯ ಮಟ್ಟಿಗೆ ಬಹಳ ಖಚಿತ. ಗಾಳಿಯಲ್ಲಿ ತೇವ ತುಂಬಿ ಬೆವರು ಆರದೆ ಮೈ ಬೇಯುವುದು ಸೆಕೆ. ಥರ್ಮಾಮೀಟರಿನಲ್ಲಿ 33 ಇದ್ದಾಗಲೂ ಸೆಕೆ ಇರುತ್ತದೆ. ಆದರೆ ‘1901ರ ನಂತರದ ಅತಿ ಸೆಕೆಯ ಆಗಸ್ಟ್’ ಎನ್ನುವ ದಾಖಲೆ ಉಷ್ಣಾಂಶದ್ದು, ಸೆಕೆಯದಲ್ಲ. ‘ಅತಿ ಹೆಚ್ಚು ಉಷ್ಣಾಂಶದ ಆಗಸ್ಟ್’ ಎನ್ನಿ. ‘ಬಿಸಿಲು 34 ಡಿಗ್ರಿ’ ಎಂದು ಬರೆಯುವವರೂ ಇದ್ದಾರೆ. ಮಾಪಕ ಇರುವುದು ಬಿಸಿಲಿನಲ್ಲಲ್ಲ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನೊಳಗೆ.

ಹೀಟ್ ವೇವ್ ಎನ್ನಬೇಕಾದರೆ ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 37 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಬಯಲಿಗೆ ಆ 37ರ ಬದಲು 40, ಗುಡ್ಡಗಾಡಿಗೆ 30. ವಾಡಿಕೆ ಎಷ್ಟೇ ಇರಲಿ, ಬಯಲಿನಲ್ಲಿ 45 ಮುಟ್ಟಿದರೆ ಹೀಟ್ ವೇವ್, 47 ಮುಟ್ಟಿದರೆ ತೀವ್ರ ಹೀಟ್ ವೇವ್. ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಸತತ ಹೀಗಿದ್ದರೆ ಎರಡನೆಯ ದಿನ ಘೋಷಣೆ. ನಮ್ಮ ಕರಾವಳಿಯ ಆಗಸ್ಟ್ ವಾಡಿಕೆ ಗರಿಷ್ಠ 29 ಡಿಗ್ರಿಯ ಆಸುಪಾಸು. ಐದು ಡಿಗ್ರಿ ಏರಿದರೂ 34. ಹಾಗಾಗಿ ಆಗಸ್ಟಿನ ಪುಟದಲ್ಲಿ ಕಾಸರಗೋಡಿಗೆ ‘ಬಿಸಿಗಾಳಿ’ಯ ಮಾತೇ ಏಳುವುದಿಲ್ಲ. ಬೇರೆ ತಿಂಗಳಿಗೆ ಬೇಕಾದಾಗ ‘ಬಿಸಿಗಾಳಿ’ ಎಂದೇ ಬರೆಯಿರಿ. ಗಾಳಿಯೇ ಬೀಸದಿದ್ದರೂ ಬಿಸಿಗಾಳಿಯೇ ಎಂದು ತಕರಾರು ತೆಗೆಯುವವರಿದ್ದಾರೆ, ನಿಜ. ಆದರೂ ಪೇಪರಿನವರೂ ಓದುಗರೂ ಒಪ್ಪಿಕೊಂಡಾಗಿದೆ, ಬದಲಿಸುವುದರಿಂದ ಲಾಭವಿಲ್ಲ. ‘ಉಷ್ಣತರಂಗ’ ತಪ್ಪಲ್ಲ, ಆದರೆ ಅಕ್ಕಲಕೋಟೆಯವರಿಗೆ ಅಪರಿಚಿತ.

ಅದಕ್ಕಿಂತ ಅಪಾಯದ್ದು ‘ಕಾಲವರ್ಷ’, ‘ತುಲಾವರ್ಷ’. ಮಲಯಾಳದಿಂದ ನೇರವಾಗಿ ನಮ್ಮ ಕನ್ನಡಕ್ಕೆ ಇಳಿದಿರುವ ಇವು ಇಲ್ಲಿ ಸಲೀಸು. ಗಡಿ ದಾಟಿದರೆ ‘ವರ್ಷ’ ಎಂದರೆ ಹನ್ನೆರಡು ತಿಂಗಳು, ಅಷ್ಟೇ. ಮುಂಗಾರು, ಹಿಂಗಾರು ಎಂದರೆ ಎಲ್ಲರಿಗೂ ಸರಿ.

ವರದಿಯ ಪಟ್ಟಿಯಲ್ಲಿ ‘ಮೀನ್ ಮ್ಯಾಕ್ಸಿಮಮ್’, ‘ಹೈಯೆಸ್ಟ್ ಮ್ಯಾಕ್ಸಿಮಮ್’ ಎಂದು ಎರಡು ಕಂಬಸಾಲು ಇರುತ್ತವೆ. ಎರಡನ್ನೂ ‘ಗರಿಷ್ಠ’ ಎಂದು ಬರೆದರೆ ಅನರ್ಥ. ದಿನದಿನದ ಗರಿಷ್ಠಗಳನ್ನು ಕೂಡಿಸಿ ದಿನಗಳಿಂದ ಭಾಗಿಸಿದ್ದು ‘ಗರಿಷ್ಠದ ಸರಾಸರಿ’. ಇಡೀ ತಿಂಗಳಲ್ಲಿ ಒಂದೇ ದಿನ ಮುಟ್ಟಿದ ತುದಿ ‘ತಿಂಗಳ ಅತಿ ಹೆಚ್ಚಿನ ಗರಿಷ್ಠ’. ‘ಸರಾಸರಿ’ಯನ್ನು ಉಳಿಸಿಕೊಳ್ಳಿ ಎಂದದ್ದು ಇದಕ್ಕಾಗಿ.

ಮಳೆಯ ಪ್ರಮಾಣದ ಪದಗಳು ದಿನದ ಲೆಕ್ಕದವು, ತಿಂಗಳಿನವಲ್ಲ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ‘ಭಾರೀ’, 204.4ರವರೆಗೆ ‘ಅತಿ ಭಾರೀ’, ಅದರಾಚೆ ‘ಅತ್ಯಂತ ಭಾರೀ’. ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಆಗಸ್ಟ್ 14ರ ಹೆಸರಿನಲ್ಲಿ ದಾಖಲಾದ ಮಳೆಯ ಬಹುಪಾಲು 13ರ ಹಗಲು, ರಾತ್ರಿ ಬಿದ್ದದ್ದು. 2.5 ಮಿ.ಮೀ. ಆದರೂ ಬಿದ್ದರೆ ಮಾತ್ರ ಅದು ‘ಮಳೆ ದಿನ’, ತುಂತುರು ಹನಿದ ದಿನ ಲೆಕ್ಕಕ್ಕಿಲ್ಲ. ಇಲಾಖೆಯ ಪ್ರಕಟಣೆಗಳಲ್ಲಿ ಮಳೆ ಸೆಂಟಿಮೀಟರಿನಲ್ಲೂ ಬರುವುದರಿಂದ ‘7’ ಎಂದರೆ 70 ಮಿ.ಮೀ. ಎಂಬುದು ಗಮನದಲ್ಲಿರಲಿ. ಇಂಚಿನಲ್ಲೇ ಮಾತಾಡುವ ಹಿರಿಯ ಕೃಷಿಕರಿಗೆ 25.4ರಿಂದ ಭಾಗಿಸಿ ಕೊಡಿ. ‘ಮೇಘಸ್ಫೋಟ’ಕ್ಕೆ ಸುಮಾರು 20ರಿಂದ 30 ಚದರ ಕಿ.ಮೀ. ಜಾಗದಲ್ಲಿ ಒಂದು ಗಂಟೆಗೆ 100 ಮಿ.ಮೀ. ಬೀಳಬೇಕು. ಗಂಟೆಯ ಅಳತೆ ಕೈಯಲ್ಲಿಲ್ಲದೆ ಆ ಪದ ಬೇಡ, ‘ಅತ್ಯಂತ ಭಾರೀ ಮಳೆ, ಭೂಕುಸಿತ’ ಸಾಕು.

ಶ್ರಾವಣ ಬೇಡವೇ ಬೇಡ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಜುಲೈ 18ರಿಂದ ಆಗಸ್ಟ್ 16 ಅಧಿಕ, 17ರಿಂದ ನಿಜ ಶ್ರಾವಣ. ನಮ್ಮ ಸೌರಮಾನದ ತುಳು ತಿಂಗಳುಗಳಾದ ಆಟಿ, ಸೋಣಗಳೂ ಆಗಸ್ಟನ್ನು ನಡುವೆ ಸೀಳುತ್ತವೆ. ಅಂಕಿಅಂಶ ಆಗಸ್ಟಿನದು, ಹೆಸರೂ ಆಗಸ್ಟ್ ಆಗಿರಲಿ. “ಆಟಿಯ ಮಳೆಯೇ ಬರಲಿಲ್ಲ” ಎಂದು ವಿವರಣೆಯಲ್ಲಿ ಬರೆಯುವುದಾದರೆ ಜುಲೈ ನಡುವಿನಿಂದ ಲೆಕ್ಕ ಹಾಕಬೇಕಾಗುತ್ತದೆ. ಜುಲೈ ಕೊನೆಯ ಮಳೆ ಅದರೊಳಗೆ ಸೇರಿ ಮಾತೇ ಸುಳ್ಳಾಗುತ್ತದೆ.

ಪೂರಕ, ಆದೋನಿಯಿಂದ

ಮಂಜೇಶ್ವರದ ಹಿರಿಯರು ಹೇಳಿದ್ದಕ್ಕೆ ನಮ್ಮ ಕಡೆಯ ಒಂದೆರಡು ಮಾತು ಸೇರಿಸುತ್ತೇನೆ. ಆದೋನಿ, ಆಲೂರು ಸೀಮೆಯ ಕನ್ನಡದಲ್ಲಿ ಮಳೆ ನಿಂತು ನೆಲ ಆರುವ ಅವಧಿಗೆ ‘ವರಪು’ ಎನ್ನುತ್ತೇವೆ, ತೆಲುಗಿನಲ್ಲೂ ಇದೇ ಪದ. ಹೊಳವಿಗಿಂತ ಉದ್ದ, ಬರಕ್ಕಿಂತ ಗಿಡ್ಡ. ಎರೆಹೊಲದಲ್ಲಿ ಎಡೆ ಹೊಡೆಯಲು ನಾಲ್ಕಾರು ದಿನದ ವರಪು ಬೇಕೇ ಬೇಕು, ಇಲ್ಲದಿದ್ದರೆ ಕುಂಟೆಗೆ ಮಣ್ಣು ಮೆತ್ತಿ ಕಳೆ ಬೇರು ಸಮೇತ ಬರುವುದಿಲ್ಲ. ಶೇಂಗಾ ಕಾಯಿಗಟ್ಟುವ ಹೊತ್ತಿನಲ್ಲಿ ಅದೇ ವರಪು ಎರಡು ವಾರ ಎಳೆದರೆ ಕಾಯಿ ಜೊಳ್ಳು. ನಿಮ್ಮ ಪುಟದಲ್ಲಿ ‘ಮುಂಗಾರಿನ ಬಿಡುವು’ ಎಂದು ಬರೆದು, ‘ಬಯಲುಸೀಮೆಗೆ ಅದು ದೀರ್ಘ ವರಪು’ ಎಂದು ಸೇರಿಸಿದರೆ ಇಲ್ಲಿಯ ರೈತರಿಗೆ ತಟ್ಟನೆ ತಿಳಿಯುತ್ತದೆ.

ಸೆಕೆ ನಮ್ಮಲ್ಲಿ ಅಷ್ಟು ಬಳಕೆಯಲ್ಲಿಲ್ಲ. ಒಣ ಬಿಸಿಗೆ ‘ಝಳ’, ಮೋಡ ಮುಚ್ಚಿ ಗಾಳಿಯಿಲ್ಲದ ದಿನಕ್ಕೆ ‘ಧಗೆ’.

ತಿಂಗಳ ಹೆಸರಿನ ವಿಚಾರದಲ್ಲಿ ಒಂದು ಅನುಕೂಲ ಇದೆ. ಇಲ್ಲಿ ರೈತರು ಎಣಿಸುವುದು ಮಳೆ ನಕ್ಷತ್ರಗಳನ್ನು. ಆಗಸ್ಟ್ 3ರ ಸುಮಾರಿಗೆ ಆಶ್ಲೇಷ ಹೂಡುತ್ತದೆ, 17ರಿಂದ ಮಖ, ಅದು 30ರ ಸುಮಾರಿಗೆ ಮುಗಿಯುತ್ತದೆ. ಆಗಸ್ಟ್ ಎಂದರೆ ಹೆಚ್ಚುಕಡಿಮೆ ಈ ಎರಡು ಮಳೆಗಳೇ. ಮಖ ಹೂಡುವ ದಿನವೇ ಸಿಂಹ ಸಂಕ್ರಮಣ, ನಿಮ್ಮ ಸೋಣ ತಿಂಗಳು ಶುರುವಾಗುವುದೂ ಅದೇ ಹೊತ್ತಿಗೆ. “ಆಶ್ಲೇಷ, ಮಖ ಎರಡೂ ಕೈಕೊಟ್ಟವು” ಎಂದರೆ ಲೆಕ್ಕ ಕೆಡದು.

ಮತ್ತೆ ಮಂಜೇಶ್ವರದಿಂದ

ಆದೋನಿಯವರ ‘ವರಪು’ ಸೇರಿಸುವುದು ಒಳ್ಳೆಯದು, ಆದರೆ ವಿವರಣೆಯ ಸಾಲಿನಲ್ಲಿ. ಅಂಕಿ ಇರುವ ವಾಕ್ಯ ಹೀಗಿರಲಿ:

“2023ರ ಆಗಸ್ಟಿನಲ್ಲಿ ಮುಂಗಾರಿನ ಬಿಡುವು ಬಹಳ ದಿನ ಎಳೆಯಿತು. ಮಳೆಪಟ್ಟಿ ಹಿಮಾಲಯದ ಬುಡಕ್ಕೆ ಸರಿದುದರಿಂದ ಹಿಮಾಚಲದಲ್ಲಿ ಅತ್ಯಂತ ಭಾರೀ ಮಳೆ, ಭೂಕುಸಿತ. ವಾಡಿಕೆಗೆ ಹೋಲಿಸಿದರೆ ಕೇರಳದ ಮಳೆ ಕೊರತೆ ಶೇ 80ನ್ನೂ ಮೀರಿತು. ದೇಶದ ಒಟ್ಟು ಕೊರತೆ ಶೇ 36. ಮಳೆ ಇಷ್ಟು ಕಡಿಮೆ, ಉಷ್ಣಾಂಶ ಇಷ್ಟು ಹೆಚ್ಚು ಇದ್ದ ಆಗಸ್ಟ್ 1901ರಿಂದೀಚೆಗೆ ಬೇರೊಂದಿಲ್ಲ.”

ಜಿಲ್ಲೆಯ ಅಂಕಿ ಸೇರಿಸುವಾಗ ಅದು ಯಾವ ಕೇಂದ್ರದ್ದು ಎಂದು ಹೆಸರು ಹಾಕಿ. ಕಾಸರಗೋಡು ಜಿಲ್ಲೆಯಲ್ಲೇ ಕಡಲಬದಿಯ ಹೊಸದುರ್ಗದ ಮಳೆಯೂ ಘಟ್ಟದ ಬುಡದ ಪಾಣತ್ತೂರಿನ ಮಳೆಯೂ ಒಂದೇ ದಿನ ಒಂದೇ ಆಗಿರುವುದಿಲ್ಲ. ಒಂದರ ಅಳತೆಯನ್ನು ‘ಕಾಸರಗೋಡಿನ ಮಳೆ’ ಎಂದು ಕರೆಯುವ ಹಾಗಿಲ್ಲ.